ಬೇಸ್ ಹುಸೇನಸಾಬರಿಗೊಂದು ಶಾಲು

ಭಾನುವಾರದಿಂದ ನನ್ನ ಮನೆಯಲ್ಲಿ ಒಂದು ಹಣ್ಣಿನ ಬುಟ್ಟಿ ಕೂತಿದೆ. ಸೇಬು ಸುಕ್ಕಾಗಿದೆ, ಬಾಳೆಹಣ್ಣು ಕಪ್ಪಾಗಿದೆ. ತಿನ್ನಲು ಮನಸ್ಸಿಲ್ಲ, ಎಸೆಯಲು ಧೈರ್ಯವಿಲ್ಲ. ಯಾಕೆಂದರೆ ಅದು ನನಗೆ ಕೊಟ್ಟದ್ದಲ್ಲ.

ಶುರುವಾದದ್ದು ಒಂದು ಕ್ಯಾಸೆಟ್ಟಿನಿಂದ. ಬೊಂಬಾಯಿಯ ಗೆಳೆಯ ಕಳಿಸಿದ್ದ. ಅಮೆರಿಕದ ಜಾಝ್ ಸಂಗೀತ. ದೊಡ್ಡದೊಂದು ಬ್ಯಾಂಡು ಸೇರಿ ಒಬ್ಬ ಬೇಸ್ ವಾದಕನ ಗೌರವಕ್ಕೆಂದೇ ಇಡೀ ಆಲ್ಬಮ್ ನುಡಿಸಿದೆ. ಹಾಡುವವನಿಗಲ್ಲ, ಮುಂದೆ ನಿಂತು ಮೆರೆಯುವವನಿಗಲ್ಲ. ಹಿಂದೆ ನಿಂತು ಭುಂ ಭುಂ ಅನ್ನಿಸುವವನಿಗೆ!

ನನಗೆ ಜಾಝ್ ತಿಳಿಯುತ್ತದೆಯೇ? ಕೇಳಬೇಡಿ. ಆದರೆ ಕೂತು ಕೇಳಲಾಗಲಿಲ್ಲ, ಎದ್ದು ಓಡಾಡಿದೆ. ತಲೆಯೊಳಗೆ ಹುಸೇನಸಾಬರು ಬಂದು ಕೂತಿದ್ದರು.

ಹುಸೇನಸಾಬರು ಗಂಗಾವತಿಯ ಮದುವೆ ಬ್ಯಾಂಡೊಂದರಲ್ಲಿ ಬೇಸ್ ಊದುವವರು. ಹೆಗಲಿಗೆ ಸುತ್ತಿಕೊಳ್ಳುವ, ಹಂಡೆಯಷ್ಟು ಬಾಯಿಯ ಹಿತ್ತಾಳೆ ವಾದ್ಯ. ಕೊಪ್ಪಳದಿಂದ ಯಲಬುರ್ಗಾದವರೆಗೆ ಎಷ್ಟೋ ಮದುಮಕ್ಕಳು (ನಾನೂ ಸೇರಿ) ಆ ಭುಂ ಭುಂಗೆ ಹೆಜ್ಜೆ ಹಾಕಿದ್ದೇವೆ. ಈಗ ಬ್ಯಾಂಡಿನ ಮಾಲೀಕ ವೀರಣ್ಣ ಎಲೆಕ್ಟ್ರಿಕ್ ಕೀಬೋರ್ಡು ತಂದಿದ್ದಾನೆ. ಅದರಲ್ಲಿ ಎಡಗೈ ಆಡಿಸಿದರೆ ಬೇಸ್ ತಾನೇ ಬರುತ್ತದಂತೆ. ಹಾಗಾದರೆ ಸಾಬರು ಯಾಕೆ? ಅವರನ್ನು ಕೆಲಸದಿಂದ ಬಿಡಿಸುತ್ತಾರೆಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

ಕ್ಯಾಸೆಟ್ ಜೇಬಿಗಿಳಿಸಿ ಗಂಗಾವತಿ ಬಸ್ ಹತ್ತಿದೆ. ವೀರಣ್ಣನನ್ನು ಕೂರಿಸಿ ಕೇಳಿಸಿದೆ. ಬೇಸಿನವನಿಗೆ ಅಲ್ಲಿ ಎಂಥ ಕಿಮ್ಮತ್ತು ನೋಡು ಎಂದು ಭಾಷಣ ಬಿಗಿದೆ. ಆತ ತಲೆದೂಗಿದ. ಕವರಿನ ಮೇಲಿನ ಫೋಟೋ ತಿರುಗಿಸಿ ಮುರುಗಿಸಿ ನೋಡಿದ. ನಾವೂ ಸಾಬರ ಹೆಸರಲ್ಲಿ ಒಂದು ಕ್ಯಾಸೆಟ್ ಮಾಡೋಣ, ನೀವೇ ಮುಖ್ಯ ಅತಿಥಿ ಅಂದ. ನಾನು ಗೆದ್ದೆ ಅಂದುಕೊಂಡೆ. (ಅಂಕಣಕಾರರು ಬಲುಬೇಗ ಗೆದ್ದುಬಿಡುತ್ತಾರೆ.)

ಭಾನುವಾರ ವೀರಣ್ಣನ ಪಡಸಾಲೆಯಲ್ಲಿ ಬಾಗಿಲು ಕಿಟಕಿ ಎಲ್ಲ ಬಂದ್. ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್. ಗೋಡೆಗುಂಟ ಬ್ಯಾಂಡಿನವರು, ಪೂರಾ ಯೂನಿಫಾರ್ಮಿನಲ್ಲಿ. ನಡುವೆ ಎರಡು ಕುರ್ಚಿ. ಒಂದರಲ್ಲಿ ನಾನು. ಇನ್ನೊಂದರಲ್ಲಿ ಹುಸೇನಸಾಬರು: ಪೇಟ, ಹಾರ, ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅವರ ವಾದ್ಯ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿತ್ತು.

ಅವರು ನುಡಿಸುವುದಿಲ್ಲವೇ ಎಂದೆ. ವೀರಣ್ಣನಿಗೆ ಆಶ್ಚರ್ಯ. ಸನ್ಮಾನ ಮಾಡಿಸಿಕೊಂಡವರ ಕೈಲಿ ಯಾರಾದರೂ ದುಡಿಸುತ್ತಾರೆಯೇ? ಅಪಚಾರವಲ್ಲವೇ? ಇವತ್ತಿನಿಂದ ಅವರು ಆರಾಮಾಗಿ ಕೂರಬೇಕು ಅಂದ.

ಆ ‘ಇವತ್ತಿನಿಂದ’ ನನಗೆ ಕೇಳಿಸಿತು. ಹುಸೇನಸಾಬರಿಗೂ.

ಟೇಪು ತಿರುಗತೊಡಗಿತು. ಕ್ಲಾರಿಯೋನೆಟ್ ಓಡಿತು, ಡ್ರಮ್ಮು ಅದಕ್ಕಿಂತ ಮುಂದೆ ಓಡಿತು. ಕೀಬೋರ್ಡಿನ ಹುಡುಗ ಯಾರ ಬೆನ್ನು ಹತ್ತಬೇಕೆಂದು ತಿಳಿಯದೆ ಪಿಳಿಪಿಳಿ ನೋಡಿದ. ಸಾಬರ ಕಾಲು ನೆಲ ಕುಟ್ಟುತ್ತಿತ್ತು, ಬುಟ್ಟಿಯಲ್ಲಿ ಸೇಬು ಅಲುಗುತ್ತಿದ್ದವು. ನನಗೂ ಕೂರಲಾಗುತ್ತಿಲ್ಲ. ಆದರೆ ಮುಖ್ಯ ಅತಿಥಿ ನಡುವೆ ಏಳುವಂತುಂಟೇ?

ಮೊದಲ ಹಾಡು ಹೇಗೋ ಮುಗಿಯಿತು. ಸಾಬರು ನನ್ನ ಕಡೆ ಬಾಗಿದರು.

“ಸರ, ಆ ಅಮೆರಿಕದ ಬೇಸಿನಾಂವ, ಅವನ ಕ್ಯಾಸೆಟ್ ಮಾಡಬೇಕಾದ್ರ ಎಲ್ಲಿ ಕುಂತಿದ್ದ?”

ಎಲ್ಲೂ ಕೂತಿರಲಿಲ್ಲ, ಅಷ್ಟು ಹೊತ್ತಿಗೆ ಅವನು ತೀರಿಹೋಗಿದ್ದ ಎಂದೆ.

“ಹಂಗಾದ್ರ ಅವಂದು ಬರೋಬ್ಬರಿ ಐತಿ ಬಿಡ್ರಿ. ನಾ ಇನ್ನೂ ಅದೀನಲ್ಲ.”

ಬುಟ್ಟಿ ನನ್ನ ತೊಡೆಗೆ ಬಂತು. ಅವರು ಮೂಲೆಗೆ ಹೋಗಿ ಬಟ್ಟೆ ಬಿಚ್ಚಿದರು, ಹಾರದ ಮೇಲೆಯೇ ವಾದ್ಯ ಏರಿಸಿಕೊಂಡರು. ವೀರಣ್ಣ ಬಾಯಿ ತೆರೆದು ಮುಚ್ಚಿದ. ಸನ್ಮಾನಿತರಿಗೆ ಬೇಡ ಅನ್ನುವುದೂ ಅಪಚಾರವೇ ತಾನೆ?

ಎರಡನೇ ಹಾಡು. ಭುಂ. ಓಡುತ್ತಿದ್ದವರೆಲ್ಲ ನಡೆಯತೊಡಗಿದರು. ಡ್ರಮ್ಮಿನವನು ತಲೆಯೆತ್ತಿ ಸಾಬರನ್ನು ನೋಡಿ ನಕ್ಕ. ಹಾರದ ಚೆಂಡುಹೂವಿನ ಎಸಳು ಉದುರಿ ಅವರ ಕಾಲ ಬುಡದಲ್ಲಿ ಬೀಳುತ್ತಿತ್ತು. ನನಗೆ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಹಾಡು ಮುಗಿಯಿತು. ಸನ್ಮಾನದ ಶಾಲಿನಿಂದಲೇ ಅವರು ಬೆವರು ಒರೆಸಿಕೊಂಡರು.

“ವೀರಣ್ಣ, ನಾಳಿ ಕುಷ್ಟಗಿ ಮದುವಿಗೆ ಎಷ್ಟೊತ್ತಿಗೆ ಬರ್ಲಿ?”

ವೀರಣ್ಣ ಬಗ್ಗಿ ಟೇಪ್ ರೆಕಾರ್ಡರ್ ಆಫ್ ಮಾಡಿದ.

ಹೊರಡುವಾಗ ಬುಟ್ಟಿ ಕೊಡಹೋದೆ. ಸಾಬರು ಕೈ ಚಾಚಲಿಲ್ಲ, ವಾದ್ಯ ಹೊತ್ತು ನಡೆದುಬಿಟ್ಟರು. ಕುಷ್ಟಗಿಗೆ ಕೀಬೋರ್ಡು ಹೋಯಿತೆಂದು ಮರುದಿನ ತಿಳಿಯಿತು. ಅವರ ಕ್ಯಾಸೆಟ್ ಮಾತ್ರ ಮೆರವಣಿಗೆ ಹೊರಡುವ ಮುನ್ನ ಮೈಕಿನಲ್ಲಿ ಹಾಕಿದ್ದರಂತೆ, ಗೌರವಕ್ಕೆ.

ಯಾರಾದರೂ ಶಾಲು ಹಿಡಿದು ನಿಮ್ಮ ಕಡೆ ಬಂದರೆ, ಕೊರಳು ಬಗ್ಗಿಸುವ ಮೊದಲು ಕೇಳಿಬಿಡಿ: ನಾಳೆ ಎಷ್ಟು ಹೊತ್ತಿಗೆ ಬರಲಿ?