ಪಾಲಿನ ಕೋಳಿ ಸಾಕಿದ ಮಹದೇವಮ್ಮ

ಮಹದೇವಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಯೋಗ್ಯತೆ ಇದ್ದವರು ಯಾರೂ ಬರೆಯಲಿಲ್ಲವಲ್ಲ, ಅದಕ್ಕೇ ನಾನು ಕೂತಿದ್ದೇನೆ. ನಾನು ಚಿಕ್ಕಸ್ವಾಮಿ. ನಂಜನಗೂಡಿನಲ್ಲಿ ಊರಿನ ಚೊಕ್ಕಟ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಅದರ ಪೆನ್ಷನ್ನಿನಲ್ಲೇ ಇವತ್ತಿಗೂ ಕಾಫಿ ಕುಡಿಯುತ್ತಿದ್ದೇನೆ. ತಪ್ಪೇನೂ ಕಚೇರಿಯದಲ್ಲ ಬಿಡಿ. ಅದು ಯಾರದು ಎಂದು ಮುಂದೆ ಗೊತ್ತಾಗುತ್ತದೆ.

ಮಹದೇವಮ್ಮ ಹೆಡತಲೆ ಎಂಬ ಊರಿನ ಹೆಣ್ಣು. ಗಂಡ ಕರಿಯಯ್ಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ಸತ್ತ ಮೇಲೆ ಇವಳೂ ಅಲ್ಲಿಯೇ ಭತ್ತ ಹರವಲು ಹೋದಳು. ಎರಡನೇ ವರ್ಷ ಮೂಟೆಯ ಅಟ್ಟಿ ಜಾರಿ ಎಡಗಾಲಿನ ಮೇಲೆ ಬಿತ್ತು. ನಾಟಿ ವೈದ್ಯ ಕಟ್ಟು ಹಾಕಿದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಮಕ್ಕಳಿಲ್ಲ. ಆ ಕಾಲಿಟ್ಟುಕೊಂಡು ಗದ್ದೆಗೆ ಇಳಿಯಲಾಗದು, ಇಟ್ಟಿಗೆ ಹೊರಲಾಗದು. ರೈಲು ಹಳಿಯ ಆಚೆ, ಕಾಲೋನಿಯ ಕೊನೆಯ ಗುಡಿಸಲಲ್ಲಿ ಕೂತು ಅವಳು ಹಿಡಿದ ಕೆಲಸ ಕೋಳಿ ಸಾಕುವುದು. ಅದೂ ತನ್ನ ಕೋಳಿಯಲ್ಲ, ಪಾಲಿನ ಕೋಳಿ.

ಪಾಲು ಅಂದರೆ ನಮ್ಮ ಕಡೆ ಹೀಗೆ. ನೀವು ಒಂದು ಹೆಣ್ಣು ಕೋಳಿ ಕೊಡುತ್ತೀರಿ. ಸಾಕುವವರು ಅದನ್ನು ಕಾವಿಗೆ ಕೂರಿಸಿ ಮರಿ ಮಾಡಿಸುತ್ತಾರೆ. ಮರಿ ಬಲಿತ ಮೇಲೆ ಇಬ್ಬರೂ ಎದುರು ಕೂತು ಅರ್ಧ ಅರ್ಧ ಹಂಚಿಕೊಳ್ಳಬೇಕು, ಮೊದಲು ಆರಿಸುವ ಹಕ್ಕು ಕೊಟ್ಟವರದು. ತಾಯಿ ಕೋಳಿ ಎಂದಿಗೂ ನಿಮ್ಮದೇ. ಹಂಚುವ ತನಕ ಒಂದು ಮರಿಯನ್ನೂ ಸಾಕಿದವರು ತನ್ನದು ಎನ್ನುವಂತಿಲ್ಲ. ಕಾಗದವಿಲ್ಲ, ಪತ್ರವಿಲ್ಲ. ಎಲ್ಲಾ ಬಾಯಿಮಾತು.

ಮಹದೇವಮ್ಮನ ಹತ್ತಿರ ಆರು ಮನೆಯವರ ಕೋಳಿಗಳಿದ್ದವು. ಯಾವುದು ಯಾರದೆಂದು ತಿಳಿಯಲು ಕಾಲಿಗೆ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದ್ದಳು. ರೈಲ್ವೆ ಗೇಟಿನ ಹತ್ತಿರ ಟೀ ಅಂಗಡಿ ಇಟ್ಟಿದ್ದ ಪಾಪಮ್ಮನದಕ್ಕೆ ಕೆಂಪು. ನನ್ನವು ಎರಡು, ಅವಕ್ಕೆ ಹಸಿರು. ಕೋಳಿಯ ಹೊಟ್ಟೆ ಒತ್ತಿ ನಾಳೆ ಮೊಟ್ಟೆ ಇಡುತ್ತದೋ ಇಲ್ಲವೋ ಹೇಳುತ್ತಿದ್ದಳು. ಕಾವಿನ ಮೊಟ್ಟೆ ಗುಡುಗಿಗೆ ಕೆಡದಿರಲಿ ಎಂದು ಹುಲ್ಲಿನ ನಡುವೆ ಕಬ್ಬಿಣದ ಚೂರು ಇಡುತ್ತಿದ್ದಳು. ರೋಗ ಬಂದು ಕೋಳಿ ಸತ್ತರೆ ಆ ಸತ್ತದ್ದನ್ನೇ ಮಡಿಲಲ್ಲಿಟ್ಟುಕೊಂಡು, ಕುಂಟುತ್ತಾ ಮನೆ ಬಾಗಿಲಿಗೆ ಬಂದು ತೋರಿಸುತ್ತಿದ್ದಳು. "ನೋಡ್ಕಳಿ ಅಣ್ಣಯ್ಯ, ನಾ ತಿಂದಿಲ್ಲ" ಎನ್ನುತ್ತಿದ್ದಳು. ಯಾರಮ್ಮಾ ಕೇಳಿದರು ನಿನ್ನನ್ನು? ಆದರೆ ಅವಳ ಬದುಕು ನಿಂತಿದ್ದೇ ಆ ನಂಬಿಕೆಯ ಮೇಲೆ. ಅವಳನ್ನು ನಂಬದೆ ಯಾರೂ ಕೋಳಿ ಕೊಡುವುದಿಲ್ಲ, ಕೋಳಿ ಇಲ್ಲದಿದ್ದರೆ ಅವಳಿಗೆ ಹಿಟ್ಟಿಲ್ಲ.

ಅಷ್ಟರಲ್ಲಿ ಹಳಿಯ ಆಚೆಯೂ ಸೈಟು ಮಾಡಿದರು. ಕಾಲೋನಿಗೆ ಬೆನ್ನು ಹಾಕಿಕೊಂಡು ಹೊಸ ಮನೆಗಳೆದ್ದವು. ಮೊದಲ ಮನೆಯೇ ಹೈಸ್ಕೂಲಿನ ವ್ಯಾಸರಾಜ ಮೇಷ್ಟ್ರದ್ದು. ಕೆಟ್ಟ ಮನುಷ್ಯನಲ್ಲ, ಸುಮ್ಮನೆ ಯಾಕೆ ಹೇಳಲಿ. ಒಂದು ವರ್ಷ ಸಹಿಸಿದರು. ಬೆಳಗಿನ ಜಾವ ಹುಂಜ ಕೂಗಿದರೂ, ತುಳಸಿಕಟ್ಟೆ ಕೆದರಿದರೂ ಹುಷ್ ಹುಷ್ ಎಂದು ಓಡಿಸಿ ಸುಮ್ಮನಾದರು. ೧೯೭೭ರ ಬೇಸಿಗೆಯಲ್ಲಿ ಅವರ ತಾಯಿ ಮಡಿಯುಟ್ಟು, ಪಂಚೆ ಹರವಿ, ಒಂದು ಪಡಿ ಅಕ್ಕಿಯ ಸಂಡಿಗೆ ಇಟ್ಟಿದ್ದರು. ಮಹದೇವಮ್ಮನ ಕೋಳಿಯೊಂದು ಮರಿಗಳ ಸಮೇತ ಅದರ ಮೇಲೆ ಮೆರವಣಿಗೆ ಹೋಯಿತು. ಮುದುಕಿ ಆ ದಿನ ಊಟ ಬಿಟ್ಟರು. ಮೇಷ್ಟ್ರು ನಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟರು. "ಗೂಡಲ್ಲಿ ಹಾಕಿಕೊಳ್ಳಲು ಹೇಳಿ ಸಾಕು" ಎಂದು ನನ್ನೆದುರಿಗೇ ಹೇಳಿದರು. ಆದರೆ ಅರ್ಜಿ ಕಚೇರಿಗೆ ಬಂದ ಮೇಲೆ ಅರ್ಜಿದಾರನ ಮಾತು ಯಾರು ಕೇಳುತ್ತಾರೆ? ಕೋಳಿ ಕೇಳಿ ಮಸಾಲೆ ಅರೆಯುವುದುಂಟೆ?

ನಿಯಮ ಇತ್ತು. ಊರ ಎಲ್ಲೆಯೊಳಗೆ ಕೋಳಿ ಸಾಕುವವರು ತಮ್ಮ ಹೆಸರಿನಲ್ಲಿ ಪರವಾನಗಿ ಪಡೆಯಬೇಕು, ಗೂಡಲ್ಲಿ ಇಡಬೇಕು. ಇಲ್ಲದಿದ್ದರೆ ಹಿಡಿದು ತರಬಹುದು. ಮಾಲೀಕರು ಮೂರು ದಿನದೊಳಗೆ ಬಂದು ದಂಡ ಕಟ್ಟಿ, ಮುಚ್ಚಳಿಕೆ ಬರೆದುಕೊಟ್ಟರೆ ವಾಪಸು. ಬರದಿದ್ದರೆ ಹರಾಜು. ದಂಡವೇನು ದೊಡ್ಡದಲ್ಲ, ಒಂದು ಸಿನಿಮಾ ನೋಡಿ ದೋಸೆ ತಿನ್ನುವ ದುಡ್ಡು.

ಹೆಲ್ತ್ ಇನ್ಸ್‌ಪೆಕ್ಟರ್ ಚಂದ್ರಶೇಖರ ಅವರ ಜೊತೆ ನಾನೂ ಹೋದೆ, ಕೈಯಲ್ಲಿ ರಿಜಿಸ್ಟರು. ಮಹದೇವಮ್ಮ ನನ್ನನ್ನು ನೋಡಿ ನಕ್ಕಳು. ನಮ್ಮವನೇ ಬಂದಿದ್ದಾನೆ, ಇನ್ನೇನು ಭಯ ಎಂದುಕೊಂಡಿರಬೇಕು, ಪಾಪ.

"ಇವೆಲ್ಲ ಯಾರ ಕೋಳಿ?" ಎಂದರು ಇನ್ಸ್‌ಪೆಕ್ಟರು.

"ನಂದೊಂದೂ ಇಲ್ಲ ಸಾ. ಎಲ್ಲಾ ಪಾಲಿನವು" ಎಂದಳು. ಒಂದೊಂದು ಬಣ್ಣ ತೋರಿಸುತ್ತಾ ಮನೆಗಳ ಹೆಸರು ಹೇಳತೊಡಗಿದಳು. ಹಸಿರಿಗೆ ಬಂದಾಗ ನನ್ನ ಕಡೆ ಕೈ ಮಾಡಿದಳು. "ಇವೆರಡೂ ಈ ಅಣ್ಣಯ್ಯಂದೇಯ. ಬೇಕಾದ್ರೆ ಕೇಳಿ."

ಇನ್ಸ್‌ಪೆಕ್ಟರು ತಿರುಗಿ ನೋಡಿದರು. "ಏನಯ್ಯಾ, ನಿನ್ನವೇನು?"

ನಾನಿನ್ನೂ ಟೆಂಪರವರಿ. ಆರು ವರ್ಷ ಕಾದು, ಖಾಯಂ ಆಗುವ ಆರ್ಡರು ಮೇಲಿನ ಟೇಬಲ್ಲಿಗೆ ಹೋಗಿತ್ತು. ನಿಯಮ ನೋಡಿಕೊಳ್ಳುವವನೇ ನಿಯಮ ಮೀರಿದ ಎಂದು ಯಾರಾದರೂ ಒಂದು ಗೆರೆ ಬರೆದರೆ ಮುಗಿಯಿತು.

"ನಮ್ಮವಲ್ಲ ಸಾ" ಎಂದೆ.

ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ಸ್‌ಪೆಕ್ಟರು ಬೀಡಿ ಹಚ್ಚಿಕೊಳ್ಳಲು ಆಚೆ ಹೋದಾಗ ನಾನು ಅವಳ ಹತ್ತಿರ ಹೋಗಿ ಪಿಸುಗುಟ್ಟಿದೆ. "ಎಲ್ಲಾನೂ ನಂದೇ ಅಂದ್ಬುಡವ್ವ. ದಂಡ ಕಟ್ಟಿ ಬುಡಿಸ್ಕಬೌದು. ದುಡ್ಡು ನಾ ಕೊಡ್ತೀನಿ."

"ಥೂ, ಅದೆಂಗಂದೇನಪ್ಪ? ಅಂಚ್ಕಳ್ದೆ ಇರೋ ಪಾಲ್ನ ನಂದು ಅಂದ್ರೆ ಕದ್ದಂಗಲ್ವಾ? ನಾಳೆ ಯಾರು ನನ್ ಕೈಗೆ ಕೋಳಿ ಕೊಟ್ಟಾರು?" ಎಂದಳು. "ಓಗಿ ಯೋಳ್ತೀನಿ, ಬತ್ತಾರೆ ಬುಡಿ. ಅವರವರ ಕೋಳಿ ಅವರವರು ಬುಡಿಸ್ಕತಾರೆ."

ಎಂಥಾ ಹುಚ್ಚು! ಒಂದು ಸುಳ್ಳು ಹೇಳಿದ್ದರೆ ಅವಳ ಬದುಕು ಉಳಿಯುತ್ತಿತ್ತು. ನಾನು ಒಂದು ನಿಜ ಹೇಳಿದ್ದರೂ ಉಳಿಯುತ್ತಿತ್ತು. ಅವಳ ಬಾಯಲ್ಲಿ ಸುಳ್ಳು ಬರಲಿಲ್ಲ, ನನ್ನ ಬಾಯಲ್ಲಿ ನಿಜ ಬರಲಿಲ್ಲ. 'ಸದರಿ ಕೋಳಿಗಳು ತನ್ನವಲ್ಲವೆಂದು ಸದರಿ ಹೆಂಗಸು ಹೇಳಿಕೆ ಕೊಟ್ಟಿರುತ್ತಾಳೆ' ಎಂದು ನಾನೇ ಬರೆದು, ನಾನೇ ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿದೆ.

ಮಂಕರಿಗಳಲ್ಲಿ ತುಂಬಿ ಗಾಡಿಗೆ ಹಾಕಿದರು. ಒಂದು ಕೋಳಿ ಕಾವಿಗೆ ಕೂತು ಹದಿನೆಂಟು ದಿನ ಆಗಿತ್ತು. "ಅದೊಂದ ಬುಟ್ಬುಡಿ ಸಾ, ಇನ್ ಮೂರ್ ದಿನಕ್ಕೆ ಮರಿ ಆಯ್ತವೆ" ಎಂದು ಇನ್ಸ್‌ಪೆಕ್ಟರ ಕಾಲು ಹಿಡಿದಳು. ಅವರಿಗೂ ಅಯ್ಯೋ ಅನ್ನಿಸಿತೋ ಏನೋ, ನನ್ನ ಮುಖ ನೋಡಿದರು. ನಾನು ಲೆಕ್ಕ ತಪ್ಪುತ್ತದೆ ಸಾ ಎಂದೆ. ಆ ಕೋಳಿಯನ್ನೂ ಎತ್ತಿ ಹಾಕಿದರು. ಹುಲ್ಲಿನ ಮೇಲೆ ಉಳಿದ ಹನ್ನೊಂದು ಮೊಟ್ಟೆಯನ್ನು ಅವಳು ಸೆರಗಲ್ಲಿ ಕಟ್ಟಿ ಹೊಟ್ಟೆಗವುಚಿಕೊಂಡು ಮೂರು ದಿನ ಓಡಾಡಿದಳಂತೆ. ಒಂದೂ ಒಡೆದು ಮರಿಯಾಗಲಿಲ್ಲ.

ಆ ಮೂರು ದಿನವೂ ಬೆಳಗಾದರೆ ನಮ್ಮ ಕಚೇರಿಯ ಶೆಡ್ಡಿನ ಮುಂದೆ ಬಂದು ಕೂರುತ್ತಿದ್ದಳು. ತಂತಿ ಬಲೆಯ ಸಂದಿಯಲ್ಲಿ ನುಚ್ಚು ಹಾಕುತ್ತಿದ್ದಳು. ಮಧ್ಯಾಹ್ನ ಎದ್ದು ಆರು ಮನೆ ಸುತ್ತುತ್ತಿದ್ದಳು. ಯಾರೂ ಬರಲಿಲ್ಲ. ಹಿಂದಿನ ವರ್ಷ ತಾನೇ ಎಮರ್ಜೆನ್ಸಿಯಲ್ಲಿ, ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕ್ಯಾಂಪಿಗೆ ಎಂದು ಮನೆಮನೆ ಹೆಸರು ಬರೆದುಕೊಂಡು ಹೋಗಿದ್ದರು. ಜನಕ್ಕೆ ಸರ್ಕಾರದ ಪುಸ್ತಕದಲ್ಲಿ ಹೆಸರು ಬರುವುದೆಂದರೆ ಮೈ ನಡುಗುತ್ತಿತ್ತು. "ನಾನ್ಯಾವಾಗ ಕೋಳಿ ಕೊಟ್ಟಿದ್ನವ್ವ ನಿಂಗೆ? ನನ್ನೆಸ್ರು ಎತ್ಬ್ಯಾಡ, ನಿನ್ ದಮ್ಮಯ್ಯ" ಎಂದಳಂತೆ ಪಾಪಮ್ಮ. ನಮ್ಮ ಮನೆಗೂ ಬಂದಳು. ನಾನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ. "ಅವರಿಲ್ಲ" ಎಂದಳು ನನ್ನ ಹೆಂಡತಿ ಚಿನ್ನಮ್ಮ. ಇಲ್ಲ ಅನ್ನು ಎಂದು ಹೇಳಿಕೊಟ್ಟಿದ್ದವನು ನಾನೇ.

ನಾಲ್ಕನೇ ದಿನ ಹರಾಜಾಯಿತು. ಮೈಸೂರಿನ ಮಿಲಿಟರಿ ಹೋಟೆಲಿನವನೊಬ್ಬ ಒಟ್ಟಿಗೆ ಕೊಂಡು, ಕಾಲಿನ ಬಟ್ಟೆಚೂರುಗಳ ಸಮೇತ ತಲೆಕೆಳಗು ಮಾಡಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ವ್ಯಾಸರಾಜ ಮೇಷ್ಟ್ರು ಕೇಳಿ ನೊಂದುಕೊಂಡರು. ಮಹದೇವಮ್ಮನಿಗೆ ಒಂದು ಸೇರು ಅಕ್ಕಿ ಕಳಿಸಿದರು. ಅವಳು ತೆಗೆದುಕೊಳ್ಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಹರಾಜಾಗಿ ಹದಿನೈದು ದಿನಕ್ಕೆ, ಇನ್ನು ಹೆಸರು ಬರೆದುಕೊಳ್ಳಲು ಯಾರೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಪಾಪಮ್ಮ ಅವಳ ಗುಡಿಸಲ ಮುಂದೆ ಹೋಗಿ ನಿಂತಳು. "ಮರಿ ಓದ್ರೆ ಓಯ್ತು. ನನ್ ತಾಯ್ಕೋಳಿ ಮಾತ್ರ ಕೊಟ್ಬುಡು ಮಾದೇವಮ್ಮ" ಎಂದಳು. ನಾನ್ಯಾವಾಗ ಕೋಳಿ ಕೊಟ್ಟಿದ್ದೆ ಎಂದಿದ್ದ ಬಾಯಿ! ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಮಹದೇವಮ್ಮ ಯಾರನ್ನೂ ಛೀ ಎನ್ನಲಿಲ್ಲ. "ನನ್ ಕೈಲಿದ್ದಾಗ ಓದವು, ನಾನೇ ತುಂಬ್ಕೊಡ್ತೀನಿ" ಎಂದಳು. ನಮ್ಮ ಮನೆಯಿಂದ ಯಾರು ಹೋದರು ಎಂದು ಕೇಳಿದಿರಾ? ನಾನು ಹೋಗಲಿಲ್ಲ. ಚಿನ್ನಮ್ಮ ಹೋಗಿ ಬಂದಳು. ಹೋಗಬೇಡ ಎಂದು ನಾನು ಹೇಳಲಿಲ್ಲ.

ಆ ಸೊಟ್ಟ ಕಾಲಿಟ್ಟುಕೊಂಡು ಅವಳು ನಾಟಿಗೆ ಹೋದಳು. ನರಸೀಪುರದ ಕಡೆ, ಸೋಮನಾಥಪುರದ ಬಯಲಿಗೆ ಹೆಣ್ಣಾಳುಗಳ ಗುಂಪು ಹೋಗುತ್ತಿತ್ತು. ಸಾಲಿನಲ್ಲಿ ಹಿಂದೆ ಬೀಳುತ್ತಾಳೆ ಎಂದು ಇವಳಿಗೆ ಅರ್ಧ ಕೂಲಿ. ಕೆಸರಲ್ಲಿ ನಿಂತೂ ನಿಂತೂ ಹಳೆಯ ಗಾಯ ಬಾಯಿ ಬಿಟ್ಟಿತು. ಬಟ್ಟೆ ಸುತ್ತಿಕೊಂಡು ಮತ್ತೆ ಇಳಿದಳು. ಸಂತೆಯಲ್ಲಿ ಒಂದು ಹೇಟೆ ಕೋಳಿ ಕೊಳ್ಳುವಷ್ಟಾದರೆ ಸಾಕು, ತಂದು ಒಂದು ಮನೆಗೆ ಕೊಡುವಳು. ಮೊದಲು ಪಾಪಮ್ಮನಿಗೆ ಕೊಟ್ಟಳು. ಹೀಗೆ ವರ್ಷ ಕಳೆಯಿತು. ನನ್ನ ಆರ್ಡರು ಬಂದು ಖಾಯಂ ಆದೆ. ಕಚೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದೆ.

ಮರುವರ್ಷ ಆಷಾಢದಲ್ಲಿ ನಮ್ಮ ಬಾಗಿಲಿಗೆ ಬಂದಳು. ಕಾಲು ಬಾತು, ಬಟ್ಟೆ ಮೀರಿ ಕೀವು ಇಳಿಯುತ್ತಿತ್ತು, ಹತ್ತಿರ ನಿಲ್ಲಲಾಗದಷ್ಟು ವಾಸನೆ. ಕಂಕುಳಲ್ಲಿ ಕಂದು ಬಣ್ಣದ ಕೋಳಿ.

"ಎಲ್ಲಾರ್ದೂ ಆಯ್ತು ಅಣ್ಣಯ್ಯ, ನಿಮ್ದೇ ಉಳಿದಿತ್ತು. ಒಂದ್ ತಂದಿವ್ನಿ. ಇನ್ನೊಂದ ಮುಂದಿನ ತಿಂಗ್ಳು ತತ್ತೀನಿ" ಎಂದಳು.

"ಬ್ಯಾಡ ಕಣವ್ವ. ಅವತ್ತು ನಾನು ನಮ್ಮವಲ್ಲ ಅಂದ್ನಲ್ಲ" ಎಂದೆ.

"ನೀವು ಅಂದ್ರಿ. ನಿಮ್ಮವೇ ಅಂತ ನಂಗೊತ್ತಲ್ಲ" ಎಂದಳು. ಚುಚ್ಚಲಿಕ್ಕೆ ಅಂದದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ.

ಒಳಗಿಂದ ಬಂದ ಚಿನ್ನಮ್ಮ ಕೋಳಿ ಇಸಕೊಂಡು ಕೈಯಲ್ಲಿ ತೂಗಿ ನೋಡಿದಳು. "ನಮ್ದು ಇದ್ಕಿಂತ ದಪ್ಪ ಇತ್ತು" ಎಂದಳು. ಮಹದೇವಮ್ಮ ತಲೆ ತಗ್ಗಿಸಿ, "ಸಂತೇಲಿ ಇದ್ಕಿಂತ ಸಿಗ್ನಿಲ್ಲ ಕಣಕ್ಕ" ಎಂದಳು. ಆಸ್ಪತ್ರೆಗೆ ಹೋಗವ್ವ, ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಇನ್ನೊಂದು ಕೋಳಿ ಆಗಲಿ, ಆಮೇಲೆ ಎಂದು ಗೋಡೆ ಹಿಡಿದುಕೊಂಡು ಹೋದಳು. ಓಡಿಹೋಗಿ ಎಳೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

ಕೋಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ನಿಯಮ ಇತ್ತಲ್ಲ. ಭಾನುವಾರ ಕುಯ್ದೆವು. ನಾನೂ ಉಂಡೆ.

ಹತ್ತನೇ ದಿನ ಮಹದೇವಮ್ಮ ಸತ್ತಳು. ಕಾಲಿನ ನಂಜು ಮೈಗೇರಿತ್ತು. ಕಪಿಲೆಯ ದಂಡೆಯ ಮೇಲೆ ಮಣ್ಣು ಮಾಡಿದರು. ಆರು ಮನೆಯವರೂ ಬಂದಿದ್ದರು, ಒಬ್ಬರೂ ತಪ್ಪಿಸಲಿಲ್ಲ. ಪಾಪಮ್ಮ ಎದೆ ಬಡಿದುಕೊಂಡು ಅತ್ತಳು. "ಮಾತಾಯಿ ಕಣ್ರಪ್ಪ, ಯಾರ್ ಪಾಲ್ನೂ ಉಳಿಸ್ಕಳ್ದೆ ಓದ್ಲು" ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗಲಿ ಎಂದು ನಿಂತಿದ್ದೆವು. ಚಿನ್ನಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಮೆಲ್ಲಗೆ, "ನಮ್ದೊಂದು ಉಳ್ಕಂತು" ಎಂದಳು. ನಾಚಿಕೆಗೆಟ್ಟವಳೇ ಎಂದು ಬೈಯಲು ಬಾಯಿ ತೆಗೆದೆ. ಗುಂಡಿಗೆ ಮಣ್ಣು ಹಾಕುವಾಗ ನನ್ನ ತಲೆಗೂ ಅದೇ ಬಂದಿತ್ತು.