ಬಣ್ಣ ಚೆನ್ನಾಗಿ ಬರುವ ಕ್ಯಾಮೆರಾ

ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕೆಂದು ನಾನು ಹಟ ಹಿಡಿದ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಅಷ್ಟು ತಲೆ ತಿಂದಿದ್ದೆ. ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಎಷ್ಟು ಮೆಗಾಪಿಕ್ಸೆಲ್ ಸಾಕು, ಜೂಮ್ ಎಷ್ಟಿರಬೇಕು, ಪೆನ್ಸಿಲ್ ಸೆಲ್ ಹಾಕುವುದು ವಾಸಿಯೋ ಚಾರ್ಜ್ ಮಾಡುವ ಬ್ಯಾಟರಿ ವಾಸಿಯೋ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ಅವರು ಉತ್ತರ ಹೇಳಿದರೆ ಅದು ತಪ್ಪೆಂದು ವಾದಕ್ಕೂ ನಿಲ್ಲುತ್ತಿದ್ದೆ.

"ಗಂಡು ಒಪ್ಕೊಳ್ಳೋವಾಗ್ಲೂ ನೀವು ಇಷ್ಟು ವಿಚಾರಿಸಿರ್ಲಿಕ್ಕಿಲ್ಲ ಬಿಡಿ" ಎಂದು ಕನ್ನಡ ಟೀಚರ್ ಛೇಡಿಸಿದರು.

ನಿಜವೇ. ನನ್ನ ಮದುವೆಯಲ್ಲಿ ಯಾರೂ ಏನನ್ನೂ ಹೆಚ್ಚು ವಿಚಾರಿಸಲಿಲ್ಲ. ನಾನು ಬೆಳ್ಳಗಿದ್ದೆ. ನೋಡಲು ಬಂದ ಮೊದಲನೆಯವರೇ ಒಪ್ಪಿಕೊಂಡು ಹೋದರು. ಬಣ್ಣ ಎಂಬ ಮಾತು ನನ್ನನ್ನು ಒಂದು ದಿನವೂ ಕಾಡಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ನೆಪ ಹೇಳಿದಂತೆ ಕೇಳಿಸುತ್ತದೆ.

ಕ್ಯಾಮೆರಾ ನನಗೆ ಬೇಕಾಗಿದ್ದದ್ದು ನನ್ನ ಖುಷಿಗೆ. ತಾರಸಿಯ ಕುಂಡದ ಹೂವು, ಕಾಂಪೌಂಡಿನ ಮೇಲೆ ಬಂದು ಕೂರುವ ಹಕ್ಕಿ, ಮನೆಯವರ ಮುಖ, ಇಷ್ಟೇ. ಹಳೆಯ ರೀಲಿನ ಕ್ಯಾಮೆರಾದಲ್ಲಿ ತೆಗೆದ ದಾಸವಾಳ ತೊಳೆಸಿ ತಂದರೆ ಇಟ್ಟಿಗೆಯ ಬಣ್ಣಕ್ಕಿರುತ್ತಿತ್ತು. ಅದು ನನಗೆ ತಡೆಯಲಾರದ ಸಿಟ್ಟು ತರಿಸುತ್ತಿತ್ತು. "ಇದ್ದದ್ದು ಇದ್ದ ಹಾಗೆ ಬರಬೇಕು, ಅದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ" ಎಂದು ಸವಳಂಗ ರಸ್ತೆಯ ಅಂಗಡಿಯವನಿಗೆ ಹೇಳಿದ್ದೆ. ಅವನು ನಾನು ಕೇಳಿದ ಪ್ರಶ್ನೆಗೆಲ್ಲ ನನ್ನ ಯಜಮಾನರ ಮುಖ ನೋಡಿ ಉತ್ತರ ಕೊಡುತ್ತಿದ್ದ. ಕ್ಯಾಮೆರಾದ ಮುಂಭಾಗ ಯಾವುದೆಂದು ತಿಳಿಯದ ನಮ್ಮವರು ಎಲ್ಲಕ್ಕೂ ತಲೆ ಆಡಿಸುತ್ತಿದ್ದರು.

ಕೊನೆಗೆ ಎರಡು ಉಳಿದವು. ಒಂದು ಬಿಳಿ, ಇನ್ನೊಂದು ಕಪ್ಪು. ಬಿಳಿಯದು ಸಹೋದ್ಯೋಗಿಯೊಬ್ಬರ ಬಳಿ ಇತ್ತು, ಎರವಲು ತಂದೆ. ಕಪ್ಪನ್ನು ಅಂಗಡಿಯವನು ಒಂದು ಭಾನುವಾರದ ಮಟ್ಟಿಗೆ ಕೊಟ್ಟ, ಬಹುಶಃ ನನ್ನ ಕಾಟ ತಪ್ಪಿದರೆ ಸಾಕೆಂದು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನನ್ನ ಅಕ್ಕನ ಮನೆ. ಅವಳ ಅಂಗಳದಲ್ಲಿ ಕಡುಗೆಂಪು ದಾಸವಾಳದ ಗಿಡವಿತ್ತು. ಅಲ್ಲದೆ ಅಕ್ಕನ ಮಗಳಿದ್ದಳು. ಒಬ್ಬಳೇ ಮಗಳು, ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದಳು.

ಅವಳಿಗೆ ಗಂಡು ನೋಡುತ್ತಿದ್ದರು. ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ಎರಡು ಕಡೆ ಹೋಗಿ ವಾಪಸ್ಸು ಬಂದಿತ್ತು. ಎರಡೂ ಕಡೆಯವರು ಹೇಳಿಕಳಿಸಿದ್ದು ಒಂದೇ ಮಾತು: ಎಲ್ಲ ಸರಿ, ಬಣ್ಣ ಸ್ವಲ್ಪ ಕಡಿಮೆಯಾಯಿತು. ಹುಡುಗಿ ಭಾವನ ಹಾಗೆ ಕಪ್ಪು. ಈ ಸಂಗತಿಯೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ.

ಪ್ರಯೋಗ ಕ್ರಮವಾಗಿ ಮಾಡಿದೆ. ಒಂದೇ ವಸ್ತು, ಒಂದೇ ಜಾಗ, ಒಂದೇ ಬೆಳಕು, ಕ್ಯಾಮೆರಾ ಮಾತ್ರ ಬೇರೆ. ಮೊದಲು ದಾಸವಾಳವನ್ನು ಎರಡರಲ್ಲೂ ತೆಗೆದೆ. ಆಮೇಲೆ ಹುಡುಗಿಯನ್ನು ಗಿಡದ ಪಕ್ಕ ನಿಲ್ಲಿಸಿ ತೆಗೆದೆ. ಅವಳು ಎರಡು ಸಲವೂ ಒಂದೇ ರೀತಿ ನಕ್ಕಳು. "ಪ್ರಯೋಗ ಕೆಡಬಾರದಲ್ಲ ಚಿಕ್ಕಮ್ಮ" ಎಂದಳು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ವೈರು ಚುಚ್ಚಿ ಟೀವಿಯಲ್ಲಿ ನೋಡುವುದೆಂದು ಮೊದಲೇ ಯೋಚಿಸಿದ್ದೆ. ಹಾಲಿನಲ್ಲಿ ನಾನು, ಅಕ್ಕ, ಭಾವ, ಪಕ್ಕದ ಕ್ವಾರ್ಟರ್ಸಿನ ತಮಿಳಿನ ಅಮ್ಮ ಸಾಲಾಗಿ ಕೂತೆವು. ಮೊದಲು ದಾಸವಾಳ ಬಂತು. ಬಿಳಿ ಕ್ಯಾಮೆರಾದಲ್ಲಿ ಅದು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಎಸಳಿನ ಗೆರೆಯೇ ಕಾಣುತ್ತಿರಲಿಲ್ಲ. ಕಪ್ಪಿನಲ್ಲಿ ಗಿಡದಿಂದ ಈಗ ಕಿತ್ತು ತಂದ ಹಾಗಿತ್ತು.

"ಮುಗೀತು. ಕಪ್ಪೇ ಸರಿ. ಇನ್ನೊಂದು ಬರೀ ಸುಳ್ಳು ಹೇಳುತ್ತೆ" ಎಂದು ಪಾಠ ಮಾಡುವ ದನಿಯಲ್ಲಿ ಹೇಳಿದೆ.

ಆಮೇಲೆ ಹುಡುಗಿಯ ಫೋಟೊ ಬಂತು. ಕಪ್ಪು ಕ್ಯಾಮೆರಾದಲ್ಲಿ ಅವಳು ಅವಳ ಹಾಗೇ ಇದ್ದಳು. ಬಿಳಿಯದರಲ್ಲಿ ಹಿಂದಿನ ಗೋಡೆ, ಆಕಾಶ ಎಲ್ಲ ಬೆಳ್ಳಗಾಗಿ ಕರಗಿಹೋಗಿ, ಮುಖ ನಾಲ್ಕು ಪಾಲು ತಿಳಿಯಾಗಿತ್ತು.

"ಅಯ್ಯೋ ಮಾರಾಯ್ತಿ, ಇದು ಚೆನ್ನಾಗಿದೆ ಕಣೇ" ಎಂದಳು ಅಕ್ಕ.

"ಹೀರೋಯಿನ್ ಮಾದಿರಿ ಇದೆ" ಎಂದರು ತಮಿಳಿನ ಅಮ್ಮ.

ನಾನು ಎದ್ದು ಟೀವಿಯ ಹತ್ತಿರ ಹೋದೆ. ಎರಡು ಫೋಟೊಗಳನ್ನೂ ಹಿಂದೆ ಮುಂದೆ ಮಾಡಿ ನೋಡಿದೆ. "ಹೌದು, ಇದರಲ್ಲೇ ಬಣ್ಣ ಚೆನ್ನಾಗಿ ಬರುತ್ತೆ. ಅದರಲ್ಲಿ ಬಣ್ಣ ಕಡಿಮೆ. ಮುಖಕ್ಕೆ ಬಿಳಿಯದೇ ಸರಿ, ನಾನು ಇದನ್ನೇ ತಗೊಳ್ತೀನಿ" ಎಂದೆ.

ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ನಾವು ಸಾಲಾಗಿ ಕೂತಿದ್ದೆವು, ಅವಳು ತಟ್ಟೆ ಹಿಡಿದಿದ್ದಳು, ನಾನು ಬಣ್ಣದ ತೀರ್ಮಾನ ಕೊಡುತ್ತಿದ್ದೆ. ನೋಡಲು ಬಂದ ಗಂಡಿನ ಕಡೆಯವರಿಗೂ ನಮಗೂ ಏನೂ ವ್ಯತ್ಯಾಸವಿರಲಿಲ್ಲ. ಅವರಾದರೂ ಮನೆಗೆ ಹೋದ ಮೇಲೆ ಹೇಳಿಕಳಿಸುತ್ತಾರೆ.

ಅವಳು ಎಲ್ಲರಿಗೂ ಕಾಫಿ ಕೊಟ್ಟಳು. ನನ್ನ ಮುಂದೆ ಬಂದಾಗ ಮೆಲ್ಲಗೆ ಕೇಳಿದಳು: "ಚಿಕ್ಕಮ್ಮ, ದಾಸವಾಳಕ್ಕೆ ಇದು ಸುಳ್ಳು ಹೇಳುತ್ತೆ ಅಂದ್ಯಲ್ಲ?"

"ಹೂವೇ ಬೇರೆ, ಮುಖವೇ ಬೇರೆ ಕಣೇ" ಎಂದುಬಿಟ್ಟೆ. ವಿಜ್ಞಾನದ ಟೀಚರ್ ಆಡುವ ಮಾತೇ ಅದು? ಕೆನ್ನೆ ಬಿಸಿಯಾದದ್ದು ನೆನಪಿದೆ. ಆದರೂ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅಕ್ಕ ಬಿಳಿ ಕ್ಯಾಮೆರಾದ ಫೋಟೊವನ್ನು ಪ್ರಿಂಟ್ ಹಾಕಿಸಿಕೊಡು ಎಂದಳು, ಹೂಂ ಎಂದೆ. ಮಾರನೆಯ ದಿನವೇ ಲ್ಯಾಬಿನಲ್ಲಿ ಹಾಕಿಸಿ ಕಳಿಸಿಯೂ ಕಳಿಸಿದೆ. ಅಂಗಡಿಯವನಿಗೆ ಕಪ್ಪು ಕ್ಯಾಮೆರಾ ಹಿಂದಿರುಗಿಸಿ, ಬಿಳಿಯದು ತರಿಸಲು ಹೇಳಿದೆ.

ಆ ಫೋಟೊ ನೋಡಿ ಕುಂಸಿಯ ಕಡೆಯ ಮನೆಯವರು ಹುಡುಗಿಯನ್ನು ನೋಡಲು ಬರುತ್ತೇವೆಂದರು. ಅಕ್ಕ ಫೋನಿನಲ್ಲಿ, "ನಿನ್ನ ಕೈಗುಣ ಕಣೇ, ನೀನೂ ಬಾ" ಎಂದಳು. ಹೆಮ್ಮೆಯಿಂದಲೇ ಹೋದೆ.

ಹುಡುಗಿ ಬಂದು ನಮಸ್ಕಾರ ಮಾಡಿ ಕೂತಳು. ಗಂಡಿನ ತಾಯಿ ಒಳ್ಳೆಯ ಹೆಂಗಸು, ನಗುನಗುತ್ತ ಮಾತಾಡುತ್ತಿದ್ದರು. ಅವರು ಹುಡುಗಿಯನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಆಮೇಲೆ ಅಕ್ಕನನ್ನು ಕೇಳಿದರು: "ಫೋಟೊದಲ್ಲಿರೋದು ಇವಳ ತಂಗೀನಾ? ಅವಳನ್ನೂ ಕರೀರಿ, ನೋಡೋಣ."

ಕುಹಕವಾಗಿ ಕೇಳಿದ್ದರೆ ಜಗಳವಾಡಬಹುದಿತ್ತು. ಅವರು ನಿಜವಾಗಿ ಹಾಗೇ ತಿಳಿದಿದ್ದರು. ಅಕ್ಕ ನನ್ನ ಮುಖ ನೋಡಿದಳು. ಭಾವ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕಡೆಗೆ ಮಾತಾಡಿದವಳು ಹುಡುಗಿಯೇ. "ಇಲ್ಲಮ್ಮ, ಅದು ನಾನೇ. ಫೋಟೊದಲ್ಲಿ ಬಣ್ಣ ಹೆಚ್ಚು ಬಂದಿದೆ" ಎಂದಳು. ನಾನು ಆಡಬೇಕಾಗಿದ್ದ ಮಾತು ಅದು. ನಾನು ಅಲ್ಲೇ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆ ದಿನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರು ಉಪ್ಪಿಟ್ಟು ತಿಂದು, ತಿಳಿಸುತ್ತೇವೆಂದು ಹೇಳಿ ಹೋದರು. ತಿಳಿಸಲಿಲ್ಲ.

ಮುಂದಿನ ವಾರ ಅಂಗಡಿಗೆ ಹೋದೆ. "ಬಿಳೀದು ಬಂದಿದೆ ಮೇಡಂ. ಒಳ್ಳೆ ಸೆಲೆಕ್ಷನ್. ಇದರಲ್ಲಿ ಫೇಸ್ ಬ್ರೈಟಾಗಿ ಬರುತ್ತೆ, ಲೇಡೀಸೆಲ್ಲ ಇದನ್ನೇ ಕೇಳ್ತಾರೆ" ಎಂದ, ಈ ಸಲ ನನ್ನನ್ನೇ ನೋಡಿ. ನನಗೆ ಅದು ಬೇಡ, ಕಪ್ಪು ಕೊಡಿ ಎಂದು ರೇಗಿದೆ. ಪಾಪ, ಅವನು ಏನು ಮಾಡಿದ್ದ? ನಾನು ಒಂದು ಸಲ ಹೇಳಿದ್ದನ್ನು ತಾನೇ ಅವನೂ ಹೇಳಿದ್ದು.

ಕಪ್ಪು ಕ್ಯಾಮೆರಾ ತೆಗೆದುಕೊಂಡು ನೇರ ಭದ್ರಾವತಿಗೆ ಹೋದೆ. ಹೊಸ ಕ್ಯಾಮೆರಾದಲ್ಲಿ ಮೊದಲ ಫೋಟೊ ಅವಳದೇ ಆಗಬೇಕು, ಅಷ್ಟು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಹುಡುಗಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಕ್ಯಾಮೆರಾ ತೋರಿಸಿ, "ಕಪ್ಪನ್ನೇ ತಗೊಂಡೆ ಕಣೇ. ಬಾ, ಗಿಡದ ಹತ್ರ ನಿಂತ್ಕೋ" ಎಂದೆ.

ಅವಳು ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. "ಚೆನ್ನಾಗಿದೆ" ಎಂದು ವಾಪಸ್ಸು ಕೊಟ್ಟಳು. "ನಂದು ಬೇಡ ಚಿಕ್ಕಮ್ಮ."

"ತಪ್ಪಾಯ್ತು ಕಣೇ. ಅವತ್ತು ಅವರು ಹಾಗೆ ಕೇಳಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸ್ತು ನಂಗೆ."

ಅವಳು ಇನ್ನೊಂದು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. "ಅವರು ಕೇಳಿದ್ದಕ್ಕೆ ನಂಗೆ ಬೇಜಾರಿಲ್ಲ ಚಿಕ್ಕಮ್ಮ. ಅವರು ನನ್ನನ್ನ ನೋಡಿದ್ದೇ ಮೊದಲ್ನೇ ಸಲ. ನೀನಾದ್ರೆ ನಾನು ಹುಟ್ಟಿದಾಗಿಂದ ನೋಡಿದೀಯ."

ಹುಟ್ಟಿದಾಗಿಂದ ನೋಡಿದ್ದೇನೆ, ನಿಜ. ಭದ್ರಾವತಿಯ ಆಸ್ಪತ್ರೆಯಲ್ಲಿ ಅಕ್ಕನ ಮಗ್ಗುಲಿನಿಂದ ಅವಳನ್ನು ಮೊದಲು ಎತ್ತಿಕೊಂಡವಳೇ ನಾನು. ಆಗ ನಾನಿನ್ನೂ ಕಾಲೇಜಿನ ಹುಡುಗಿ. ಹುಟ್ಟಿದ ಕೂಸು ಕೆಂಪಗೇ ಇರುತ್ತದೆ, ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ತಿಳಿಯಲು ನಮ್ಮ ಕಡೆ ಹೆಂಗಸರು ಕಿವಿಯ ಅಂಚು ನೋಡುತ್ತಾರೆ. ನಾನು ಕೂಸನ್ನು ಕಿಟಕಿಯ ಬೆಳಕಿಗೆ ಒಯ್ದು, ಬಟ್ಟೆ ಸರಿಸಿ, ಕಿವಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿದೆ. ಅವಳ ಬಗ್ಗೆ ಲೋಕದಲ್ಲಿ ಯಾರಾದರೂ ಆಡಿದ ಮೊದಲ ಮಾತು ಆಗ ನನ್ನ ಬಾಯಿಂದ ಬಂತು: "ಅಕ್ಕ, ಬಣ್ಣ ಭಾವನದೇ ಆಯ್ತಲ್ಲೇ."

ಅಕ್ಕ ಆಗ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಇದು ಹುಡುಗಿಗೆ ಗೊತ್ತಿಲ್ಲ. ನಾನು ಕ್ಯಾಮೆರಾವನ್ನು ಅದರ ಡಬ್ಬಿಗೆ ಹಾಕಿ, ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ಅವಳ ಕೈಗೆ ಕೊಡುತ್ತ ನಿಂತೆ.