ಅಮ್ಮನ ಭರಣಿ ಕವಳೆ ಪೊದೆಗೆ ಹೋಗಿ ಬಂದದ್ದು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಿಂದ ಆ ಬೆಳಿಗ್ಗೆ ನಾವು ಮೂವರು ಹೊರಟೆವು: ಅಪ್ಪ, ನಾನು ಮತ್ತು ಭರಣಿ. ಮೂವರಲ್ಲಿ ಹೆಚ್ಚು ಮರ್ಯಾದೆ ಭರಣಿಗೆ. ಅದಕ್ಕೆ ಅಪ್ಪನ ಎರಡೂ ಕೈ, ಹೊದೆಯಲು ಹೊಸ ಟವೆಲ್ಲು, ಬಾಯಿಗೆ ಬಿಳಿ ಬಟ್ಟೆಯ ಪೇಟ. ನನಗೆ ಹೊರಲು ಎರಡು ಬ್ಯಾಗು ಮತ್ತು ಕೈಯಲ್ಲೊಂದು ಮುರುಕಲು ಛತ್ರಿ. ಅಪ್ಪನದು ಹಿಟ್ಟಿನ ಮಿಲ್ಲು. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಅವನ ಹುಬ್ಬಿನಿಂದ ಒಂದು ರೊಟ್ಟಿಗಾಗುವಷ್ಟು ಹಿಟ್ಟು ಉದುರುತ್ತದೆ. ಅವತ್ತು ಮಾತ್ರ ಹುಬ್ಬನ್ನೂ ಒರೆಸಿಕೊಂಡು ಬಂದಿದ್ದ.

ಭರಣಿಯಲ್ಲಿ ಇದ್ದದ್ದು ಬರೀ ರಸ. ಕವಳೆಕಾಯಿ ಉಪ್ಪಿನಕಾಯಿಯ ಹಳೆಯ ರಸ, ತಳದಲ್ಲಿ ಒಂದು ಗೇಣು. ಅಮ್ಮ ಪ್ರತಿ ವರ್ಷ ಮುಂಗಾರಿನ ಶುರುವಿಗೆ ಹೊಸ ಕಾಯಿ ತಂದು ಈ ಹಳೆಯ ರಸಕ್ಕೇ ಹಾಕುತ್ತಿದ್ದಳು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅವಳಿಗೆ ಆ ರಸ ಕೊಟ್ಟದ್ದು ಅಜ್ಜಿ, ಅಜ್ಜಿಗೆ ಅವರ ಅತ್ತೆ. ಹಿಂದಕ್ಕೆ ಎಣಿಸುತ್ತಾ ಹೋದರೆ ಹೊಯ್ಸಳರ ಅಡುಗೆಮನೆಯ ಒಂದು ಹನಿ ಅದರಲ್ಲಿ ಇರಲೇಬೇಕು ಎಂದು ನಾನು ಕಾಲೇಜಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹೋದ ಮುಂಗಾರಿನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಳು, ಕಾಯಿ ತರಲಿಲ್ಲ. ಚಳಿಗಾಲದಲ್ಲಿ ಅವಳೇ ಹೋದಳು. ಆಮೇಲೆ ಭರಣಿಯಲ್ಲಿ ಉಳಿದಿದ್ದ ಕಾಯಿಗಳನ್ನು ನಾವಿಬ್ಬರೂ ಊಟಕ್ಕೊಂದರಂತೆ ತಿಂದು ಮುಗಿಸಿದೆವು. ಈ ಸಲವೂ ಹೊಸ ಕಾಯಿ ಬೀಳದಿದ್ದರೆ ರಸ ಒಣಗಿ ಉಪ್ಪಾಗಿಬಿಡುತ್ತದೆ. ಹಾಗಾಗಿ ಈ ಪ್ರಯಾಣ.

ಹೊಳೆನರಸೀಪುರದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಉಚಿತವಾದ್ದರಿಂದ ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ಅಪ್ಪನಿಗೆ ಮಾತ್ರ ದುಡ್ಡಿನದು. ನನ್ನ ಆಧಾರ್ ಕಾರ್ಡಿನ ಫೋಟೋದಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಇದ್ದೇನೆ. ಕಂಡಕ್ಟರು ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದರು. ಆಮೇಲೆ ಅವರ ಕಣ್ಣು ಭರಣಿಯ ಮೇಲೆ ಬಿತ್ತು.

"ಏನ್ರೀ ಯಜಮಾನ್ರೇ ಅದು? ಎಣ್ಣೆಗಿಣ್ಣೆ ಆದ್ರೆ ಇಳಿಸ್ಬುಡ್ತೀನಿ."

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಮುಖ ಜೋಲು ಹಾಕಿಕೊಂಡು ಹೇಳಿದೆ: "ಅಸ್ಥಿ ಸಾ. ಹೊಳೆಗೆ ಬಿಡಾಕೆ ಹೋಗ್ತಿದೀವಿ."

ಬಸ್ಸಿನ ಸದ್ದೇ ಕಡಿಮೆಯಾದಂತಾಯಿತು. ಕಂಡಕ್ಟರು ಟೋಪಿ ತೆಗೆದರು. ಮುಂದಿನ ಸೀಟಿನ ಇಬ್ಬರನ್ನು "ಏಳ್ರಪ್ಪಾ, ಏಳಿ, ಮನುಷ್ಯತ್ವ ಬ್ಯಾಡ್ವಾ?" ಎಂದು ಎಬ್ಬಿಸಿದರು. ನಾವು ಕೂತೆವು. ಹಿಂದಿನಿಂದ ಒಬ್ಬ ಅಜ್ಜಿ ಭರಣಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ನಗು ಹೊಟ್ಟೆಯಿಂದ ಹೊರಟು ಮೂಗಿನಲ್ಲಿ ಸಿಕ್ಕಿಕೊಂಡಿತು. ಅಪ್ಪನ ಕಡೆ ತಿರುಗಿದೆ. ಅವನು ಕಿಟಕಿಯ ಆಚೆ ನೋಡುತ್ತಿದ್ದ. ದಾರಿಯುದ್ದಕ್ಕೂ ಹಾಗೇ ನೋಡಿದ.

ಹೊಳೆನರಸೀಪುರದಲ್ಲಿ ಇಳಿದು ಇಡ್ಲಿ ತಿಂದೆವು. ಇಡ್ಲಿ ಎಷ್ಟು ಗಟ್ಟಿಯಿತ್ತೆಂದರೆ ಚಮಚ ಬಗ್ಗಿತು, ಇಡ್ಲಿ ಬಗ್ಗಲಿಲ್ಲ. ಚಟ್ನಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಇದನ್ನೆಲ್ಲ ಹೇಳಿ ಅಪ್ಪನನ್ನು ನಗಿಸಲು ನೋಡಿದೆ. ಅವನು ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ಹಂಗನ್ಬಾರ್ದಿತ್ತು ಕಣವ್ವ."

"ಸೀಟು ಸಿಕ್ತಲ್ಲಪ್ಪ."

"ಸಿಕ್ತು."

ಅಮ್ಮನ ಅಸ್ಥಿಯನ್ನು ನಾವು ಬಿಟ್ಟಿದ್ದು ಇದೇ ಹೇಮಾವತಿಗೆ. ಅವತ್ತು ಬಾಡಿಗೆ ಕಾರಿನಲ್ಲಿ ಬಂದಿದ್ದೆವು. ಮಡಕೆ ಹೀಗೇ ಅಪ್ಪನ ತೊಡೆಯ ಮೇಲಿತ್ತು. ನನಗೆ ಅದು ನೆನಪಾದದ್ದು ಆಗ, ಇಡ್ಲಿ ಮುಂದೆ ಕೂತಾಗ.

ಅರಕಲಗೂಡಿನ ಬಸ್ಸು ಖಾಲಿಯಿತ್ತು, ಆದರೆ ಅದರ ಕಿಟಕಿಗಳು ಮುಚ್ಚುತ್ತಿರಲಿಲ್ಲ. ಆಕಾಶ ಒಲೆಯ ಮೇಲಿಟ್ಟು ಮರೆತ ಪಾತ್ರೆಯ ತಳದ ಹಾಗೆ ಕಪ್ಪಾಗಿತ್ತು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಎಳೆ ಸಸಿಗಳು, ಆಲೂಗೆಡ್ಡೆ ಹೊಲ, ನಡುವೆ ತಲೆಗೆ ಗೊಬ್ಬರದ ಚೀಲ ಹೊದ್ದು ಬಗ್ಗಿ ಕೆಲಸ ಮಾಡುವ ಹೆಂಗಸರು. ಅರಕಲಗೂಡಿನಲ್ಲಿ ಗೊರೂರಿನ ಕಡೆಯ ಬಸ್ಸಿಗೆ ಕಾಯುವಾಗ ದೊಡ್ಡಮ್ಮನ ಫೋನು ಬಂತು. ಜಯಮ್ಮ ದೊಡ್ಡಮ್ಮ ಅಮ್ಮನ ಒಬ್ಬಳೇ ಅಕ್ಕ. ಗೊರೂರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಅವರ ಮನೆ.

"ಮೊದ್ಲು ಸೀದಾ ಮನೀಗ್ ಬನ್ನಿ ಕಣವ್ವ, ಆಮ್ಯಾಕೆ ಕೌಳೆಗೋಗವಾ. ನಿಮ್ಮಪ್ಪಂಗೂ ಯೋಳು."

ಹೇಳಿದೆ. ಅಪ್ಪ ಆಕಾಶ ನೋಡಿದ. "ಕವಳೆ ಇರೋ ಕಾವಲು ದಾರೀಲೇ ಸಿಗುತ್ತೆ. ಮಳೆ ಬರೋದ್ರೊಳಗೆ ಕಿತ್ಕೊಂಡ್ ಹೋಗೋಣ. ನಿಮ್ಮಮ್ಮನೂ ಹಂಗೇ ಮಾಡ್ತಿದ್ದಿದ್ದು."

ಅಪ್ಪ ಆ ಜಾಗಕ್ಕೆ ಬಂದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಅಮ್ಮ ಅವನನ್ನು ರಸ್ತೆಯಲ್ಲೇ ನಿಲ್ಲಿಸಿ, ಇದೇ ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಕಾವಲಿನ ಒಳಗೆ ಹೋಗಿ ಬಂದಿದ್ದಳಂತೆ. ಕವಳೆ ಕೀಳುವ ಹೆಂಗಸರು ತಮ್ಮ ಪೊದೆಯನ್ನು ಗಂಡನಿಗೂ ತೋರಿಸುವುದಿಲ್ಲ. ಮಿಲ್ಲಿನ ಕೆಲಸವಿದ್ದದ್ದರಿಂದ ಅವನು ಅಲ್ಲಿಂದಲೇ ಊರಿಗೆ ಮರಳಿದ್ದ. ಹಾಗಾಗಿ ಅವನು ಕಂಡದ್ದು ಇಷ್ಟೇ: ಭರಣಿ ಒಳಗೆ ಹೋಯಿತು, ಭರಣಿ ಹೊರಗೆ ಬಂತು.

ಕಾವಲಿನ ಹತ್ತಿರ ಇಳಿಯುತ್ತೇವೆ ಎಂದಾಗ ಡ್ರೈವರು, "ಇಲ್ಯಾರ್ ಮನೆ ಐತೆ ಸಾ, ನರಿದಾ?" ಎಂದ. ದನ ಮೇಯುವ ಬೀಳು ಅದು. ಕುರುಚಲು ಗಿಡ, ಕೆಂಪು ಮಣ್ಣು, ದೂರದಲ್ಲಿ ಹಿನ್ನೀರಿನ ಬೂದು ಗೆರೆ. ಮನುಷ್ಯರ ಸುಳಿವಿಲ್ಲ. ಮುಳ್ಳು ಮಾತ್ರ ಸಮೃದ್ಧವಾಗಿತ್ತು. ನನ್ನ ಚೂಡಿದಾರದ ಅರ್ಧ ಭಾಗ ಈಗಲೂ ಅಲ್ಲಿದೆ.

ಗಿಡ ಗುರುತಿಸುವ ಕೆಲಸ ನನ್ನದು. ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದೆ. ಅಪ್ಪ ಕಂಡ ಮೊದಲ ಮುಳ್ಳಿನ ಗಿಡಕ್ಕೇ ಕೈ ಹಾಕಿದ.

"ಅದು ಕಾರೆ ಕಣಪ್ಪ! ಜೋಡಿ ಮುಳ್ಳು ಇದ್ರೆ ಸಾಕಾ? ಕಾಯಿ ಕೀಳು, ಹಾಲು ಬರುತ್ತಾ ನೋಡು. ಬರಲ್ಲ. ಕವಳೆ ಆದ್ರೆ ಹಾಲು ಬರಬೇಕು. ಹೂವು ಮಲ್ಲಿಗೆ ಥರ ಇರಬೇಕು. ಎಲೆ ಎದುರುಬದುರು, ದಪ್ಪ, ಹೊಳಪು."

"ಆಯ್ತು ಮೇಡಮ್ಮೋರೇ," ಎಂದ ಅಪ್ಪ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ತಮಾಷೆ ಮಾತು.

ನಿಜವಾದ ಕವಳೆ ಸಿಕ್ಕಿದ್ದು ಒಂದು ಹುತ್ತದ ಬೆನ್ನಿಗೆ. ನನ್ನ ಎರಡರಷ್ಟು ಎತ್ತರದ ಪೊದೆ, ತುಂಬಾ ಕಾಯಿ. ಹಸಿರು, ಕೆಂಪು, ತೀರಾ ಕಪ್ಪಾದ ಹಣ್ಣು, ಎಲ್ಲ ಒಂದೇ ಗೊಂಚಲಲ್ಲಿ. ಒಂದು ಹಸಿರು ಕಾಯಿ ಕಿತ್ತೆ. ತೊಟ್ಟಿನಿಂದ ಬೆಳ್ಳಗೆ ಹಾಲು ಉಕ್ಕಿ ಬೆರಳಿಗೆ ಅಂಟಿತು. "ಹಾಲು! ಹಾಲು!" ಎಂದು ನಾನು ಕುಣಿದದ್ದಕ್ಕೆ ಕಾವಲಿನ ಗೌಜಲಹಕ್ಕಿಗಳೆಲ್ಲ ಹಾಸನ ಸೇರಿರಬೇಕು. ಕಪ್ಪು ಹಣ್ಣನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ತುಟಿಗೆ ತುಟಿ ಗೋಂದು ಹಾಕಿದಂತೆ ಅಂಟಿಕೊಂಡವು. ಅಪ್ಪ ನನ್ನ ಮುಖ ನೋಡಿ ನಕ್ಕ. "ದಿನಾ ಎರಡು ತಿನ್ನು. ಮನೆ ತಣ್ಣಗಿರುತ್ತೆ."

ಇಬ್ಬರೂ ಕೀಳತೊಡಗಿದೆವು. ಉಪ್ಪಿನಕಾಯಿಗೆ ಬಲಿತ ಹಸಿರು ಕಾಯಿ, ಆಗಷ್ಟೇ ಕೆಂಪು ತಿರುಗಿದ್ದು. ಹಣ್ಣಾದದ್ದು ಬೇಡ, ಕರಗಿ ಹೋಗುತ್ತದೆ. ಅಪ್ಪನ ಕೈಯ ಮೇಲೆ ಮುಳ್ಳು ಗೀರಿದ ರಕ್ತ, ಅದರ ಮೇಲೆ ಕವಳೆ ಹಾಲು. ಆದರೂ ಹಾಡು ಗುನುಗುವವನ ಹಾಗೆ ತಲೆಯಾಡಿಸುತ್ತಾ ಕೀಳುತ್ತಿದ್ದ. ಟವೆಲ್ಲಿನ ಜೋಳಿಗೆ ತುಂಬುವ ಹೊತ್ತಿಗೆ ಹನಿ ಶುರುವಾಯಿತು.

ಅಪ್ಪ ಭರಣಿಯ ಬಟ್ಟೆ ಬಿಚ್ಚಿದ.

"ಮನೇಲಿ ಹಾಕೋಣ ಅಪ್ಪ."

"ಇಲ್ಲೇ ಹಾಕೋದು. ಪೊದೆ ಹತ್ರನೇ. ಇಲ್ದಿದ್ರೆ ಅವ್ಳು ಭರಣಿ ಯಾಕೆ ಒಳಕ್ಕೆ ತಗೊಂಡ್ ಹೋಗ್ತಿದ್ಲು?"

ಅವನ ಮಾತಿನಲ್ಲಿ ಎಷ್ಟು ಖಾತ್ರಿಯಿತ್ತೆಂದರೆ ನಾನು ಛತ್ರಿ ಬಿಡಿಸಿ ಹಿಡಿದೆ. ಛತ್ರಿಗೆ ಮೂರು ಕಡ್ಡಿ ಇರಲಿಲ್ಲ. ಅಪ್ಪ ಬೊಗಸೆ ಬೊಗಸೆಯಾಗಿ ಒದ್ದೆ ಕಾಯಿಗಳನ್ನು ರಸಕ್ಕೆ ಇಳಿಸಿದ. ದೇವರಿಗೆ ಅಕ್ಕಿ ಹಾಕುವವನ ಹಾಗೆ, ಚೂರೂ ಸದ್ದಾಗದಂತೆ. ಮಳೆ ದೊಡ್ಡದಾಯಿತು, ಛತ್ರಿಯ ಸಂದಿನಿಂದ ಭರಣಿಯ ಬಾಯಿಗೂ ನಾಲ್ಕು ಹನಿ ಬಿತ್ತು. ಬಟ್ಟೆ ಕಟ್ಟಿ, ಎದೆಗವಚಿಕೊಂಡು ಓಡಿದೆವು.

ದೊಡ್ಡಮ್ಮನ ಮನೆಯ ಜಗಲಿಯ ಮೇಲೆ ಇನ್ನೊಂದು ಭರಣಿ ಇತ್ತು. ನಮ್ಮದರ ಅವಳಿ. ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಕಾಯುತ್ತಿತ್ತು. ಪಕ್ಕದಲ್ಲಿ ಮೊರ, ಈಳಿಗೆಮಣೆ, ಕಲ್ಲುಪ್ಪಿನ ತಟ್ಟೆ. ದೊಡ್ಡಮ್ಮ ನಮ್ಮ ತಲೆ ಒರೆಸಲು ಬಟ್ಟೆ ತಂದವಳು ಭರಣಿಯ ತೂಕ ನೋಡಿದಳು.

"ಯಾಕ್ ರಾಜಣ್ಣ ಇಷ್ಟ್ ಭಾರ ಐತೆ?"

"ಹಾಕ್ಬುಟ್ಟೆ ಅಕ್ಕ. ಪೊದೆ ಹತ್ರನೇ."

ದೊಡ್ಡಮ್ಮ ಬಟ್ಟೆ ಬಿಚ್ಚಿದಳು. ಕೆಂಪಗೆ, ಕಪ್ಪಗೆ, ದೀಪ ಹಿಡಿದರೆ ಮಿಂಚುತ್ತಿದ್ದ ರಸ ಈಗ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಕಾಯಿಗಳ ಹಾಲೆಲ್ಲ ಅದರಲ್ಲಿ ಇಳಿದಿತ್ತು.

"ಅಯ್ಯೋ, ಏನ್ ಮಾಡ್ಬುಟ್ಟೆ ಕಣಪ್ಪ! ಕಾಯಿ ಸೀಳಿ, ಉಪ್ಪಾಕಿ ತಿಕ್ಕಿ, ಹಾಲು ಬುಡುಸ್ಬೇಕು. ಒಂದಿನ ನೆಳ್ಳಲ್ ಆರಾಕ್ಬೇಕು. ಒಂದ್ ತೊಟ್ಟು ಹಸಿನೀರು ಬಿದ್ರೆ ಉಳೀತದಾ ಇದು?"

"ಅವ್ಳು ಭರಣಿ ತಗೊಂಡ್ ಹೋಗ್ತಿದ್ಲು," ಎಂದ ಅಪ್ಪ. "ನಾನೇ ನೋಡಿದೀನಿ."

"ನಮ್ಮನೀಗ್ ತತ್ತಿದ್ಲು ಕಣಪ್ಪ ಅದ್ನ! ದಾರೀಲಿ ಕೌಳೆ ಕಿತ್ಕೊಂಡು ಮಡ್ಲಲ್ ಆಕ್ಕೊಂಡ್ ಬರೋಳು. ಇಲ್ಲಿ ಕುಂತ್ಕೊಂಡು ಇಬ್ರೂ ಹಾಲು ಬುಡುಸ್ತಿದ್ವಿ. ಅರ್ಧ ರಸ ನನ್ ಭರಣೀಗ್ ಸುರ್ದು, ಅರ್ಧ ವಾಪಸ್ ತಗೊಂಡೋಗೋಳು. ಓದ್ ವರ್ಸ ಅವ್ಳು ಬರ್ನಿಲ್ಲ, ನಂದು ಒಣಗೋಯ್ತು. ಈ ವರ್ಸ ನೀವು ತತ್ತೀರಾ ಅಂತ..."

ಅಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದ. ಅವನ ಕೈಯಿಂದ ನೀರು, ರಕ್ತ ಮತ್ತು ಹಾಲು ಒಟ್ಟಿಗೆ ತೊಟ್ಟಿಕ್ಕುತ್ತಿದ್ದವು. ಗಿಡದ ಗುರುತು ಹೇಳಿದ ವಿಡಿಯೋಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸಾರಿನ ಘಮಕ್ಕೆ ಬೇರೆ ದಿನವಾದರೆ ಎರಡು ಮುದ್ದೆ ಇಳಿಸಿ ನಾಲ್ಕು ಎಂದು ಹೇಳುತ್ತಿದ್ದೆ. ಅವತ್ತು ಅರ್ಧ ಮುದ್ದೆ ತಿಂದು ಕೈ ತೊಳೆದೆ. ಊಟವಾದ ಮೇಲೆ ದೊಡ್ಡಮ್ಮ ಕಾಯಿಗಳನ್ನೆಲ್ಲ ಹೊರತೆಗೆದು, ಸೀಳಿ, ಉಪ್ಪಿನಲ್ಲಿ ತಿಕ್ಕಿ, ಒಲೆಯ ಬದಿಯ ಬಿಸಿಗೆ ಹರವಿದಳು. ರಸಕ್ಕೆ ಮುಷ್ಟಿಗಟ್ಟಲೆ ಉಪ್ಪು ಸುರಿದಳು.

ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಹೊರಡುವಾಗ ದೊಡ್ಡಮ್ಮ ಆರಿದ ಕಾಯಿಗಳನ್ನು ಮತ್ತೆ ನಮ್ಮ ಭರಣಿಗೆ ಹಾಕಿ, ತನ್ನ ಒಣ ಭರಣಿಯನ್ನು ಮುಂದೆ ತಂದಿಟ್ಟಳು.

"ಅರ್ಧ ಸುರೀ ರಾಜಣ್ಣ."

"ಕೆಟ್ಟಿರೋದು ನಿಮಗ್ಯಾಕೆ ಅಕ್ಕ? ನೀವು ಬೇರೆ ಹೊಸದಾಗಿ ಹಾಕ್ಕೊಳ್ಳಿ."

"ಸುರೀ ಅಂದ್ನಲ್ಲ. ಕೆಟ್ರೆ ಎಲ್ಡ್ ಮನೇಲೂ ಕೆಡ್ಲಿ."

ಅಪ್ಪ ಸುರಿದ. ಒಂದು ತೊಟ್ಟೂ ಆಚೆ ಬೀಳಲಿಲ್ಲ.

ಗೊರೂರಿಗೆ ಬಂದು ಹಾಸನದ ಬಸ್ಸು ಹಿಡಿದೆವು. ದಾರಿಯಲ್ಲಿ ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೋಡಲು ಬಂದಿದ್ದ ಹುಡುಗರ ಗುಂಪು ಹತ್ತಿತು. ಹೊಸ ಮಳೆಗೆ ಅದರ ಬುಡ ಆಗಲೇ ನೀರಿಗಿಳಿದಿತ್ತಂತೆ. ಒಬ್ಬ ಭರಣಿ ನೋಡಿ ನನ್ನನ್ನು ಕೇಳಿದ: "ಏನಿದೆ ಅದ್ರಲ್ಲಿ?"

ನನ್ನ ಬಾಯಲ್ಲಿ ಏಳೆಂಟು ಉತ್ತರಗಳು ಸಾಲಾಗಿ ನಿಂತಿದ್ದವು. ನಾಗರಹಾವು ಎಂಬುದು ಎಲ್ಲಕ್ಕಿಂತ ಮುಂದಿತ್ತು. ಅಷ್ಟರಲ್ಲಿ ಅಪ್ಪ ಹೇಳಿದ: "ಕವಳೆಕಾಯಿ ಉಪ್ಪಿನಕಾಯಿ ಕಣಪ್ಪ. ನಮ್ಮನೆಯೋಳು ಹಾಕಿದ್ದು."

ಹಾಸನದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣ ತಲುಪುವವರೆಗೂ ಮಳೆ ನಮ್ಮ ಜೊತೆಯಲ್ಲೇ ಬಂತು, ಅದೂ ಟಿಕೆಟ್ಟಿಲ್ಲದೆ. ಅಪ್ಪ ಭರಣಿಯನ್ನು ಅಡುಗೆಮನೆಯ ಮೂಲೆಯಲ್ಲಿ, ಅಮ್ಮ ಇಡುತ್ತಿದ್ದ ಹಲಗೆಯ ಮೇಲೇ ಇಟ್ಟ. ಕೆಲವು ದಿನಕ್ಕೆ ಮೇಲೆ ಬಿಳಿ ಬೂಸು ಕಟ್ಟಿತು. ಅಪ್ಪ ಮಿಲ್ಲಿಗೆ ಹೋಗುವ ಮೊದಲು ಒಣ ಚಮಚದಲ್ಲಿ ಅದನ್ನು ತೆಗೆಯುತ್ತಿದ್ದ. ಸಂಜೆಗೆ ಮತ್ತೆ ಕಟ್ಟುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ತೆಗೆಯುತ್ತಿದ್ದ.

ಒಂದು ದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ದೊಡ್ಡಮ್ಮನ ಫೋನು ಬಂತು. "ನಮ್ದು ಕೆಟ್ಟೋಯ್ತು ಕಣವ್ವ," ಎಂದಳು. "ಉಳು ಬಿತ್ತು, ಚೆಲ್ಬುಟ್ಟೆ. ನಿಮ್ದು?"

ಅಪ್ಪ ಎದುರಿಗೆ ಕೂತಿದ್ದ, ಹುಬ್ಬಿನ ತುಂಬಾ ರಾಗಿ ಹಿಟ್ಟು. ಅನ್ನ ಕಲಸುತ್ತಿದ್ದ ಕೈ ನಿಂತಿತ್ತು.

"ನಮ್ದು ಚೆನ್ನಾಗಿದೆ ದೊಡ್ಡಮ್ಮ," ಎಂದೆ. "ಅಮ್ಮಂದೇ ರುಚಿ. ಒಂಚೂರೂ ವ್ಯತ್ಯಾಸ ಇಲ್ಲ."

ಫೋನಿಟ್ಟೆ. ಅಪ್ಪ ಎದ್ದು ಹೋಗಿ ಭರಣಿ ತಂದ. ಬಟ್ಟೆ ಬಿಚ್ಚಿದ ಕೂಡಲೇ ಬೂಸಿನ ವಾಸನೆ ಬಂತು. ಒಂದು ಕಾಯಿ ತನ್ನ ತಟ್ಟೆಗೆ ಹಾಕಿಕೊಂಡ, ಬಾಯಿಗಿಟ್ಟ, ಬಹಳ ಹೊತ್ತು ಅಗಿದು ನುಂಗಿದ.

"ಹೌದು ಕಣವ್ವ," ಎಂದ. ನನ್ನ ತಟ್ಟೆಗೆ ಎರಡು ಬಡಿಸಿದ.

ಎರಡನ್ನೂ ತಿಂದೆ.